ಒಂದು ದಿನದ ನರ್ಸು

ಅವಳನ್ನು ಇಂಟರ್‌ವ್ಯೂ ಮಾಡಿದವನು ಒಬ್ಬ ದರ್ಜಿ.

ಬೆಳಿಗ್ಗೆ ಏಳು ಗಂಟೆಗೇ ಹೋಗಿ ಸಾಲಿನಲ್ಲಿ ನಿಂತಿದ್ದಳು. ಹೊಸ ಆಸ್ಪತ್ರೆಯ ಗೇಟಿನಿಂದ ಹೆದ್ದಾರಿಯ ಬಸ್ ಸ್ಟಾಪಿನವರೆಗೂ ಹೆಂಗಸರೇ. ಎಲ್ಲರ ಕಂಕುಳಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು. ಅರ್ಧಕ್ಕರ್ಧ ಹುಡುಗಿಯರು, ಅವಳ ಮಗಳ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೇ. ಹನ್ನೊಂದೂವರೆಗೆ ಅವಳ ಸರದಿ ಬಂತು. ಮೇಜಿನ ಹಿಂದೆ ಕೂತವಳು ಸರ್ಟಿಫಿಕೇಟುಗಳ ಜೆರಾಕ್ಸ್ ತೆಗೆದುಕೊಂಡಳು. ಮುಖ ಎತ್ತಿ ನೋಡಲಿಲ್ಲ. "ಆ ಕಡೆ ಹೋಗಿ" ಎಂದಳು. ಆ ಕಡೆ ಕುತ್ತಿಗೆಗೆ ಟೇಪು ನೇತುಹಾಕಿಕೊಂಡ ದರ್ಜಿ ನಿಂತಿದ್ದ. ಭುಜ, ಎದೆ, ಸೊಂಟ, ಉದ್ದ. ಅವನು ಅಳೆದು ಕೂಗಿದ, ಪಕ್ಕದವನು ಬರೆದುಕೊಂಡ.

"ಇಂಟರ್‌ವ್ಯೂ ಎಲ್ಲಿ ಮಾಡ್ತಾರೆ?"

"ಇದೇ," ಎಂದ ದರ್ಜಿ. "ಕೈ ಸ್ವಲ್ಪ ಎತ್ತಿ ಅಮ್ಮ."

ಹಿಂದಿನ ವಾರವೆಲ್ಲ ಅವಳು ಹಳೆಯ ಪುಸ್ತಕ ಹರಡಿಕೊಂಡು ಕೂತಿದ್ದಳು. ಯಾವ ಔಷಧಿ ಎಷ್ಟು, ಯಾವ ರೋಗಿಗೆ ಯಾವುದು ಕೊಡಬಾರದು, ನಾಡಿ ಬಿದ್ದರೆ ಮೊದಲು ಏನು, ಆಮೇಲೆ ಏನು. ಒಲೆಯ ಮುಂದೆ ನಿಂತು ಬಾಯಿಪಾಠ ಮಾಡುವಾಗ ಮಗಳು ನಕ್ಕಿದ್ದಳು. ಅದರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ.

ವಯಸ್ಸು ಮೂವತ್ತೊಂಬತ್ತು. ಕೆಲಸ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಬಿಟ್ಟಿದ್ದಲ್ಲ, ಬಿಡಿಸಿದ್ದು. ಆದರೂ ರೈಲು ಹಳಿಯಾಚೆಯ ಅವಳ ಓಣಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ನರ್ಸಮ್ಮ ಎಂದೇ.

ಆ ಊರು ದೊಡ್ಡ ನಗರದ ಬಾಲ. ನಗರದಲ್ಲಿ ಜಾಗ ಸಾಲದ್ದೆಲ್ಲ ಇಲ್ಲಿಗೆ ಬಂದು ಬೀಳುತ್ತಿತ್ತು. ಗೋದಾಮು, ಕಾಲೇಜು, ಅಪಾರ್ಟ್‌ಮೆಂಟು, ಕೊನೆಗೆ ಆಸ್ಪತ್ರೆಗಳು. ಐದು ವರ್ಷದಲ್ಲಿ ಒಂಬತ್ತು ಆಸ್ಪತ್ರೆ ಎದ್ದವು. ಕರೆಂಟ್ ಕಂಬಕ್ಕೆಲ್ಲ ಚೀಟಿ: ನರ್ಸ್‌ಗಳು ಬೇಕಾಗಿದ್ದಾರೆ. ನೋಡಿದವರು ಈ ಊರಲ್ಲಿ ನರ್ಸ್ ಓದಿದವರಿಗೆ ಸುಗ್ಗಿ ಎಂದುಕೊಳ್ಳಬೇಕು. ಚೀಟಿಯ ಕೆಳಗಿನ ಸಣ್ಣ ಅಕ್ಷರ ಓದಿದವರಿಗೆ ಗೊತ್ತು. ಇಪ್ಪತ್ತೈದರೊಳಗಿನವರು. ಮದುವೆಯಾಗದವರು. ಹಾಸ್ಟೆಲಿನಲ್ಲೇ ಇರುವವರು. ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಬರೆದುಕೊಡುವವರು. ಹಳಿಯಾಚೆಯವರು ಬೇಡ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅದನ್ನು ವಿಳಾಸ ನೋಡಿ ತೀರ್ಮಾನಿಸುತ್ತಿದ್ದರು.

ಹಳಿಯ ಈಚೆಗೆ ಊರು. ಆಚೆಗೆ ಊರಿನ ಕಸ ಎತ್ತುವವರು, ಚರಂಡಿಗೆ ಇಳಿಯುವವರು, ಹೆಣ ಹೊರುವವರು, ಚಿಂದಿ ಆಯುವವರು. ಆ ಓಣಿಯಿಂದ ನರ್ಸ್ ಪಾಸು ಮಾಡಿದ ಮೊದಲನೆಯವಳು ಅವಳು. ತಾಯಿ ಅವಳಿಗೆ ಆರು ವರ್ಷವಿದ್ದಾಗಲೇ ಹೋಗಿದ್ದಳು. ಸಾಕಿದವಳು ದೊಡ್ಡಮ್ಮ. ದೊಡ್ಡಮ್ಮ ಚಿಂದಿ ಗೋದಾಮಿನಲ್ಲಿ ಹರಕು ಬಟ್ಟೆ ವಿಂಗಡಿಸುತ್ತಿದ್ದಳು. ಹತ್ತಿ ಒಂದು ಕಡೆ, ಉಣ್ಣೆ ಒಂದು ಕಡೆ, ಗುಂಡಿ ಒಂದು ಕಡೆ. ಮೂವತ್ತು ವರ್ಷ ಆ ಧೂಳನ್ನು ಮೂಗಿನಲ್ಲಿ ಎಳೆದು ತಂಗಿಯ ಮಗಳನ್ನು ಓದಿಸಿದಳು. ಅವಳಿಗೆ ಕೆಮ್ಮು ಯಾವತ್ತು ಶುರುವಾಯಿತೆಂದು ಕೇಳಿದರೆ, "ಹುಟ್ಟಿದಾಗಿಂದ ಐತೆ ಬಿಡು" ಎನ್ನುತ್ತಿದ್ದಳು.

ಪಾಸಾದ ಮೇಲೆ ಅವಳು ಊರಿನ ಹಳೆಯ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ದುಡಿದಳು. ಮೊದಲ ವಾರವೇ ಒಬ್ಬ ರೋಗಿಯ ಮಗ, "ಸಿಸ್ಟರ್, ನಿಮ್ಮ ಮನೆ ಎಲ್ಲಿ?" ಎಂದು ಕೇಳಿದ. ಅವಳು ಹೇಳಿದಳು. ಮಾರನೆಯ ದಿನದಿಂದ ಅವನ ತಾಯಿಗೆ ಗಂಜಿ ಕುಡಿಸುವುದಕ್ಕೆ ಬೇರೆ ಸಿಸ್ಟರ್ ಬಂದಳು. ಯಾರೂ ಜಗಳವಾಡಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಡ್ಯೂಟಿ ಪಟ್ಟಿಯೇ ತನ್ನಷ್ಟಕ್ಕೆ ಬದಲಾಯಿತು. ಸೂಜಿ, ಮಾತ್ರೆ, ಊಟ ಬೇರೆಯವರಿಗೆ. ಎತ್ತುವುದು, ಹೊರಳಿಸುವುದು, ಒರೆಸುವುದು, ಬೆಡ್‌ಪ್ಯಾನು ಅವಳಿಗೆ. ಸರ್ಟಿಫಿಕೇಟು ಒಂದೇ, ಸಮವಸ್ತ್ರ ಒಂದೇ. ಹನ್ನೊಂದು ವರ್ಷ ಎತ್ತಿದಳು. ಒಂದು ದಿನ ನೂರು ಕೆಜಿಯ ಆಸಾಮಿಯೊಬ್ಬನನ್ನು ಒಬ್ಬಳೇ ಹೊರಳಿಸುವಾಗ ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಆರು ವಾರ ಚಾಪೆ ಹಿಡಿದಳು. ಎದ್ದು ಹೋದಾಗ ಅವಳ ಜಾಗದಲ್ಲಿ ಇಬ್ಬರು ಹುಡುಗಿಯರಿದ್ದರು. ಮಾಲೀಕ ಒಳ್ಳೆಯ ಮಾತಿನಲ್ಲೇ ಹೇಳಿದ: "ನಿಮಗೂ ರೆಸ್ಟ್ ಬೇಕಲ್ವಾ ಸಿಸ್ಟರ್."

ಅದಕ್ಕೇ ಹೊಸ ಆಸ್ಪತ್ರೆಯ ಸುದ್ದಿ ವ್ಯಾನ್ ಮೇಸ್ತ್ರಿ ತಂದಾಗ ಅವಳು ಮೊದಲು ನಂಬಲಿಲ್ಲ. ವ್ಯಾನ್ ಮೇಸ್ತ್ರಿ ಅದೇ ಓಣಿಯವನು. ಯಾರಿಗೆ ಕೂಲಿಯಾಳು ಬೇಕಾದರೂ ತನ್ನ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಇಳಿಸುತ್ತಿದ್ದ.

"ಇನ್ನೂರು ಬೆಡ್ಡು ನರ್ಸಮ್ಮ. ಅರವತ್ತು ನರ್ಸ್ ಬೇಕಂತೆ. ವಯಸ್ಸು ಗಿಯಸ್ಸು ಏನೂ ಕೇಳ್ತಿಲ್ಲ. ನಾನೇ ಮ್ಯಾನೇಜರ್ ಹತ್ರ ಮಾತಾಡಿದೀನಿ."

"ವಿಳಾಸ ನೋಡಿದ್ರೆ?"

"ಅದನ್ನೂ ಕೇಳ್ತಿಲ್ಲಮ್ಮ. ಈ ಸಲ ಗ್ಯಾರಂಟಿ ತಗೋ."

ನೀರಿನ ಟ್ಯಾಂಕರ್ ಓಡಿಸುವ ಗಂಡ ಅವತ್ತು ಊಟ ಮಾಡುತ್ತ, "ಹೋಗಿ ನೋಡು. ಎತ್ತೋ ಕೆಲ್ಸ ಕೊಟ್ರೆ ಮಾತ್ರ ಬೇಡ" ಎಂದ. ಅವನು ವಾರಕ್ಕೆ ಮಾತನಾಡುವುದೇ ಅಷ್ಟು.

ದರ್ಜಿ ಅಳತೆ ತೆಗೆದ ನಾಲ್ಕನೆಯ ದಿನ ಫೋನು ಬಂತು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಬರಬೇಕು. ಯೂನಿಫಾರಂ ಕೊಡುತ್ತಾರೆ. ಬಿಳಿ ಶೂ ಅವರವರದೇ.

"ಆರ್ಡರ್ ಕಾಪಿ?" ಎಂದು ಕೇಳಿದಳು.

"ಮೊದ್ಲು ಬನ್ನಿ ಸಿಸ್ಟರ್. ಎಲ್ಲಾ ಕೊಡ್ತೀವಿ."

ಆ ವಾರ ದೊಡ್ಡಮ್ಮನಿಗೆ ಜ್ವರ. ಎದೆಯಲ್ಲಿ ಗೊರಗೊರ. ಸರ್ಕಾರಿ ಆಸ್ಪತ್ರೆಗೆ ಹೋಗು ಎಂದು ಇವಳು ಎರಡು ಸಲ ಹೇಳಿದಳು. "ಆ ಸಾಲಲ್ಲಿ ನಿಂತ್ರೆ ಜ್ವರ ಬಿಡೋದಿಲ್ಲ, ಪ್ರಾಣ ಬಿಡುತ್ತೆ" ಎಂದಳು ದೊಡ್ಡಮ್ಮ. ಬುಧವಾರ ರಜೆ ಸಿಕ್ಕರೆ ತಾನೇ ಕರೆದುಕೊಂಡು ಹೋಗುವುದೆಂದು ಇವಳು ಲೆಕ್ಕ ಹಾಕಿದಳು. ಕೆಲಸಕ್ಕೆ ಸೇರಿದ ಮರುದಿನವೇ ರಜೆ ಕೇಳುವುದು ಹೇಗೆಂದೂ ಯೋಚಿಸಿದಳು.

ಮಂಗಳವಾರ ಕೊಟ್ಟ ಯೂನಿಫಾರಂ ಹೊಸದು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ, ಸುಳ್ಳೇಕೆ, ಖುಷಿಯಾಯಿತು. ಎದೆಗೆ ಚುಚ್ಚಿದ ಬ್ಯಾಡ್ಜು ನೋಡಿದಳು. ಅದರಲ್ಲಿದ್ದದ್ದು ಬೇರೆ ಯಾರದೋ ಹೆಸರು.

"ಮೇಡಂ, ಇದು ನಂದಲ್ಲ."

ಮೇಟ್ರನ್ ಎತ್ತರದ ಹೆಂಗಸು. ನಿದ್ದೆಗೆಟ್ಟ ಕಣ್ಣು. "ಇವತ್ತಿಗೆ ಅದೇ ಇರ್ಲಿ. ಆ ಹುಡುಗಿ ವಿದೇಶಕ್ಕೆ ಹೋಗಿ ಎರಡು ವರ್ಷ ಆಯ್ತು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟರಲ್ಲಿ ಹೆಸರು ಇನ್ನೂ ಇದೆ. ಇವತ್ತು ಆಸ್ಪತ್ರೆಗೆ ಪರ್ಮಿಷನ್ ಕೊಡೋಕೆ ಇನ್‌ಸ್ಪೆಕ್ಷನ್. ನಿಮ್ಮದು ಮೂರನೇ ಮಹಡಿ, ಹೆಂಗಸರ ವಾರ್ಡು, ಹನ್ನೊಂದರಿಂದ ಇಪ್ಪತ್ತು. ಕೇಳಿದ್ದಕ್ಕಷ್ಟೇ ಉತ್ತರ. ಬೆಡ್ ಬಿಟ್ಟು ಅಲ್ಲಾಡ್ಬೇಡಿ."

ಅರವತ್ತು ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏನೂ ಕೇಳಲಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಕಾರಣವಿತ್ತು.

ವಾರ್ಡು ಹೊಳೆಯುತ್ತಿತ್ತು. ಚಕ್ರದ ಮಂಚಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಪೂರ್ತಿ ಕಿತ್ತಿರಲಿಲ್ಲ. ಹತ್ತು ಮಂಚದಲ್ಲೂ ರೋಗಿಗಳು, ಕೊರಳವರೆಗೆ ಬಿಳಿ ಹೊದಿಕೆ. ಪ್ರತಿಯೊಬ್ಬರ ಪಕ್ಕದಲ್ಲೂ ಗ್ಲೂಕೋಸ್ ಬಾಟಲಿ. ಅವಳು ಹನ್ನೊಂದನೆಯ ಮಂಚದ ಹತ್ತಿರ ಹೋಗಿ ಕೈ ನೋಡಿದಳು. ಟೇಪು ಅಂಟಿಸಿತ್ತು. ಟೇಪಿನ ಕೆಳಗೆ ಸೂಜಿಯೇ ಇರಲಿಲ್ಲ. ತಲೆ ಎತ್ತಿ ರೋಗಿಯ ಮುಖ ನೋಡಿದಳು. ಅವಳ ಮನೆಯ ಹಿಂದಿನ ಓಣಿಯ ಕಸದ ಗಾಡಿಯವಳು. ಆ ಹೆಂಗಸು ಕಿಸಕ್ಕೆಂದು ನಕ್ಕು, "ನರ್ಸಮ್ಮ, ಚೆನ್ನಾಗ್ ಕಾಣ್ತೀಯ ಕಣೆ" ಎಂದು ಪಿಸುಗುಟ್ಟಿದಳು.

ಹನ್ನೆರಡು, ಹದಿಮೂರು, ಹದಿನೈದು. ಎಲ್ಲರೂ ಹಳಿಯಾಚೆಯವರೇ. ವ್ಯಾನ್ ಮೇಸ್ತ್ರಿ ಬೆಳಿಗ್ಗೆ ನಾಲ್ಕು ಟ್ರಿಪ್ಪು ಹೊಡೆದಿದ್ದ. ಮಲಗುವುದಕ್ಕೆ ಒಂದು ದಿನದ ಕೂಲಿ, ಊಟ, ಒಂದು ಕಂಬಳಿ. ಮೇಲಾಗಿ ದೊಡ್ಡ ಡಾಕ್ಟರು ಪುಕ್ಕಟೆ ನೋಡುತ್ತಾರೆ ಎಂದಿದ್ದ.

ಹದಿನಾಲ್ಕರಲ್ಲಿ ದೊಡ್ಡಮ್ಮ.

"ಏನ್ ದೊಡ್ಡಮ್ಮ ಇದು! ನೀನ್ಯಾಕೆ ಬಂದೆ?"

"ನೀನು... ಬಿಳೀ ಬಟ್ಟೆ ಹಾಕ್ಕೊಂಡಿದ್ದು... ನೋಡೋಣಾಂತ." ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದಳು. "ಡಾಕ್ಟ್ರೂ ನೋಡ್ತಾರಂತಲ್ಲ... ಎರಡೂ ಆಗುತ್ತೆ... ಅಂತ."

ತುಟಿ ನೀಲಿಗಟ್ಟಿತ್ತು. ಕುತ್ತಿಗೆಯ ಗುಳಿ ಉಸಿರಿಗೊಮ್ಮೆ ಒಳಗೆ ಹೋಗುತ್ತಿತ್ತು. ನರ್ಸಮ್ಮ ತನ್ನ ಚೀಲದಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ತೆಗೆದು ದೊಡ್ಡಮ್ಮನ ಬೆರಳಿಗೆ ಹಾಕಿದಳು. ತೊಂಬತ್ತೈದರ ಮೇಲಿರಬೇಕು. ಎಂಬತ್ತೆರಡು ತೋರಿಸಿತು. ಬೇರೆ ಬೆರಳಿಗೆ ಹಾಕಿದಳು. ಎಂಬತ್ತೊಂದು.

ಮಂಚದ ಕಾಲ ಬಳಿ ಕೇಸ್ ಶೀಟು ತೂಗುತ್ತಿತ್ತು. ಹೆಣ್ಣು, ವಯಸ್ಸು ಅರವತ್ತು. ನ್ಯುಮೋನಿಯ. ನಾಲ್ಕನೇ ದಿನ. ಗುಣಮುಖ. ಯಾರೋ ಒಂದೇ ಪೆನ್ನಿನಲ್ಲಿ ಕೂತು ಬರೆದದ್ದು. ಕಾಯಿಲೆ ಮಾತ್ರ ಸರಿಯಾಗಿ ಹೊಂದಿಕೊಂಡಿತ್ತು.

ತಲೆದಿಂಬಿನ ಮೇಲೆ ಗೋಡೆಯಲ್ಲಿ ಆಕ್ಸಿಜನ್ ಬರುವ ಹಿತ್ತಾಳೆಯ ಮೂತಿ ಇತ್ತು. ಅವಳು ನಳಿಕೆ ಸಿಕ್ಕಿಸಿ ತಿರುಗಿಸಿದಳು. ಸದ್ದಿಲ್ಲ. ಇನ್ನಷ್ಟು ತಿರುಗಿಸಿದಳು. ಮೂತಿಯೇ ಎರಡು ಸ್ಕ್ರೂ ಸಮೇತ ಕೈಗೆ ಬಂತು. ಹಿಂದೆ ಪೈಪಿರಲಿಲ್ಲ. ಗಾರೆ ಇತ್ತು, ಅದಕ್ಕೆ ಬಳಿದ ಹಸಿರು ಬಣ್ಣ ಇತ್ತು.

ಅವಳು ಬಾಗಿಲ ಬಳಿ ನಿಂತಿದ್ದ ಬಿಳಿಕೋಟಿನವನ ಹತ್ತಿರ ಓಡಿದಳು. ಸ್ಟೆತಾಸ್ಕೋಪು ಕೊರಳಲ್ಲಿತ್ತು. "ಡಾಕ್ಟರ್, ಹದಿನಾಲ್ಕು ಸೀರಿಯಸ್. ಬೇಗ ಬನ್ನಿ."

ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಸಿಸ್ಟರ್, ನಾನು ಹಲ್ಲಿನ ಡಾಕ್ಟ್ರು."

"ಇಲ್ಲಿ ಬೇರೆ ಯಾರಿದ್ದಾರೆ?"

"ನಂಗೊತ್ತಿಲ್ಲ. ನಾನೂ ಇವತ್ತೇ ಬಂದಿದ್ದು."

ಮೇಟ್ರನ್ ಬಂದಳು. ಮೀಟರ್ ನೋಡಿದಳು. ಅವಳಿಗೂ ಗೊತ್ತಾಯಿತು. ಮೂವತ್ತು ವರ್ಷ ನರ್ಸ್ ಆಗಿದ್ದವಳಿಗೆ ಗೊತ್ತಾಗದೆ ಇರುತ್ತದೆಯೆ? ಒಂದು ಗಳಿಗೆ ಅವಳ ಕೈ ತಾನಾಗಿ ದೊಡ್ಡಮ್ಮನ ನಾಡಿ ಹಿಡಿಯಲು ಮುಂದಾಯಿತು. ಆಮೇಲೆ ಆ ಕೈ ಹಿಂದಕ್ಕೆ ಹೋಯಿತು.

"ಟೀಮು ಎರಡನೇ ಮಹಡೀಲಿದೆ. ಇನ್ನೊಂದು ಗಂಟೆ ಸಿಸ್ಟರ್, ಒಂದೇ ಗಂಟೆ. ಆಮೇಲೆ ನಾನೇ ಆಂಬುಲೆನ್ಸ್ ಮಾಡಿಸ್ತೀನಿ."

"ಒಂದು ಗಂಟೆ ಇರಲ್ಲ ಮೇಡಂ ಇವಳು."

"ನಂಗೂ ಮನೆ ಮಠ ಇದೆ ಕಣಮ್ಮ," ಎಂದಳು ಮೇಟ್ರನ್. ಬೈದ ಹಾಗಿರಲಿಲ್ಲ. ಬೇಡಿಕೊಂಡ ಹಾಗಿತ್ತು. "ನಿಂಗೂ ಕೆಲ್ಸ ಬೇಕು ತಾನೆ?"

ಬೇಕಿತ್ತು. ಅವಳಿಗೆ ಕೆಲಸ ಬೇಕಿತ್ತು. ಹದಿನಾಲ್ಕು ತಿಂಗಳಿಂದ ಊರಿನ ಪ್ರತಿ ಕಂಬದ ಚೀಟಿಯನ್ನು ಫೋನಿನಲ್ಲಿ ಫೋಟೋ ಹಿಡಿದಿದ್ದಳು. ವಯಸ್ಸು ಹೇಳಿದ ಕೂಡಲೇ ಫೋನು ಇಡುವವರನ್ನು ಕಂಡಿದ್ದಳು. ಮುದುಕರನ್ನು ನೋಡಿಕೊಳ್ಳಲು ಮನೆಗಳಿಗೆ ಹೋಗಿ, ಪಾತ್ರೆಯನ್ನೂ ತೊಳೆ ಎಂದಾಗ ತೊಳೆದಿದ್ದಳು. ಈ ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಈ ಬ್ಯಾಡ್ಜಿನಲ್ಲಿ ತನ್ನ ಹೆಸರು ಬಂದರೂ ಬರಬಹುದು. ಅವಳು ದೊಡ್ಡಮ್ಮನನ್ನು ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದಳು. ಉಸಿರಿಗೆ ಅಷ್ಟಾದರೂ ಅನುಕೂಲ. ಬೆನ್ನು ನೀವುತ್ತ ನಿಂತಳು. ಐದು ನಿಮಿಷ ನಿಂತಳು. ಆ ಐದು ನಿಮಿಷಕ್ಕೆ ಅವಳು ಆಮೇಲೆ ತನ್ನನ್ನು ಯಾವತ್ತೂ ಕ್ಷಮಿಸಿಕೊಳ್ಳಲಿಲ್ಲ.

ಟೀಮು ಎಣಿಸಿದ್ದಕ್ಕಿಂತ ಬೇಗ ಬಂತು. ಮೂವರು ಅಧಿಕಾರಿಗಳು, ಹಿಂದೆ ಮ್ಯಾನೇಜರು, ಅವನ ಹಿಂದೆ ನೀರಿನ ಬಾಟಲಿ ಹಿಡಿದವರು. ಹಿರಿಯ ಅಧಿಕಾರಿ ಬೆರಳು ಮಡಚಿ ಮಂಚ ಎಣಿಸಿದ, ನರ್ಸುಗಳನ್ನು ಎಣಿಸಿದ, ಬರೆದುಕೊಂಡ. ಹೋಗುವವನು ದೊಡ್ಡಮ್ಮನ ಕೆಮ್ಮು ಕೇಳಿ ನಿಂತ.

"ಇವರು ಹೇಗಿದ್ದಾರೆ?"

"ಇಂಪ್ರೂವ್ ಆಗ್ತಿದ್ದಾರೆ ಸರ್," ಎಂದಳು ಮೇಟ್ರನ್.

"ಇಲ್ಲ ಸರ್," ಎಂದಳು ನರ್ಸಮ್ಮ.

ಅಧಿಕಾರಿ ಅವಳ ಕಡೆ ತಿರುಗಿದ.

"ಇವರನ್ನ ಬೆಳಿಗ್ಗೆ ವ್ಯಾನಲ್ಲಿ ತಂದು ಮಲಗಿಸಿದ್ದಾರೆ. ಎಲ್ಲರನ್ನೂ ಅಷ್ಟೇ. ಕೈಯಲ್ಲಿ ಸೂಜಿ ಇಲ್ಲ, ನೋಡಿ. ಇದು ಆಕ್ಸಿಜನ್, ನೋಡಿ." ಹಿತ್ತಾಳೆಯ ಮೂತಿಯನ್ನು ಅವನ ಮುಂದೆ ಹಿಡಿದಳು. "ಆ ಡಾಕ್ಟರ್ ಹಲ್ಲಿನವರು. ಈ ಹೆಸರು ನಂದಲ್ಲ. ಅದೆಲ್ಲಾ ಹಾಳಾಗ್ಲಿ. ಇವಳಿಗೆ ನಿಜವಾಗ್ಲೂ ಉಸಿರಾಡೋಕೆ ಆಗ್ತಿಲ್ಲ. ನಿಮ್ಮ ಕಾರಲ್ಲಿ ಸರ್ಕಾರಿ ಆಸ್ಪತ್ರೆಗೆ ಬಿಡ್ಸಿ. ಹತ್ತು ನಿಮಿಷ."

ಅಧಿಕಾರಿಗೆ ಆಶ್ಚರ್ಯವಾಗಲಿಲ್ಲ. ಅವಳ ಎದೆಗೆ ಈಟಿ ಇರಿದ ಹಾಗಾದದ್ದು ಅದಕ್ಕೇ. ಅವನ ಮುಖದಲ್ಲಿದ್ದದ್ದು ಬರೀ ಬೇಸರ, ಮದುವೆ ಊಟದಲ್ಲಿ ಪಕ್ಕದ ಎಲೆಯವನು ಜಗಳ ತೆಗೆದರೆ ಬರುವಂಥದ್ದು. ಅವನು ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರು ನೆಲ ನೋಡಿದ.

"ನೀವು ಹೇಳೋದನ್ನ ಬರವಣಿಗೇಲಿ ಕೊಡಿ ಸಿಸ್ಟರ್. ಪರಿಶೀಲಿಸ್ತೀವಿ."

"ಬರೆದು ಕೊಡ್ತೀನಿ. ಕಾರು ಕೊಡ್ತೀರಾ?"

ಅವನು ಕೈಗಡಿಯಾರ ನೋಡಿಕೊಂಡು ಪಕ್ಕದ ವಾರ್ಡಿಗೆ ನಡೆದ.

ಮ್ಯಾನೇಜರು ಹಿಂದೆ ಉಳಿದ. ಹಲ್ಲು ಕಚ್ಚಿಕೊಂಡು, "ಬಟ್ಟೆ ಬಿಚ್ಚಿಟ್ಟು ಹೊರಡು. ಹಳಿಯಾಚೆ ಜನರನ್ನ ಒಳಗೆ ಬಿಟ್ಟಿದ್ದೇ ತಪ್ಪು" ಎಂದ.

ಅವಳು ಬಗ್ಗಿ ಮಂಚದ ಚಕ್ರದ ಬ್ರೇಕು ಒದ್ದಳು. ಎರಡು ಕೈಯಿಂದ ಮಂಚ ತಳ್ಳಿದಳು. ಸೊಂಟದ ಹಳೆಯ ಜಾಗದಲ್ಲಿ ಚಾಕು ತಿರುವಿದ ಹಾಗಾಯಿತು. ಮಂಚ ಬಾಗಿಲ ಕಡೆ ಹೊರಟಿತು.

"ಏಯ್, ಎಲ್ಲಿಗೆ? ಮಂಚ ಆಸ್ಪತ್ರೇದು!"

"ರೋಗಿ ಯಾರದು?" ಎಂದಳು.

ಹನ್ನೊಂದನೆಯ ಮಂಚದ ಕಸದ ಗಾಡಿಯವಳು ಟೇಪು ಕಿತ್ತು ಎದ್ದಳು. "ತಳ್ಳೋದಾದ್ರೆ ಹೇಳು ಕಣೆ. ನನ್ನ ಗಾಡಿ ಇದಕ್ಕಿಂತ ಭಾರ." ಹದಿನಾರರವಳು ಎದ್ದಳು, ಇನ್ನಿಬ್ಬರು ಎದ್ದರು. ಹನ್ನೆರಡರವಳು ಗ್ಲೂಕೋಸ್ ಬಾಟಲಿಯ ಕೋಲನ್ನೇ ದೊಣ್ಣೆ ಹಿಡಿದಂತೆ ಹಿಡಿದುಕೊಂಡು ಮುಂದೆ ನಡೆದಳು. ಗುಣಮುಖರಾದ ರೋಗಿಗಳು ಇಷ್ಟು ಬೇಗ ಎದ್ದು ನಡೆದದ್ದನ್ನು ಆ ಆಸ್ಪತ್ರೆ ಮುಂದೆಯೂ ಕಾಣಲಾರದು.

ಲಿಫ್ಟನ್ನು ಟೀಮಿಗೆಂದು ನಿಲ್ಲಿಸಿಕೊಂಡಿದ್ದರು. ಮೆಟ್ಟಿಲ ಪಕ್ಕದ ಇಳಿಜಾರಿನಲ್ಲಿ ಮೂರು ಮಹಡಿ ಇಳಿಸಿದರು. ಮುಂದೆ ಇಬ್ಬರು ಎದೆ ಕೊಟ್ಟು ತಡೆದರು, ಹಿಂದೆ ಮೂವರು ಹಿಡಿದುಕೊಂಡರು. ದೊಡ್ಡಮ್ಮ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಗೇಟಿನಲ್ಲಿ ಕಾವಲಿನವನು ಅಡ್ಡ ಬಂದ. ಮಂಚದ ಮೇಲಿದ್ದವಳ ತುಟಿ ನೋಡಿದ. ವಾಕಿಟಾಕಿಯಲ್ಲಿ ಯಾರೋ ಬೈಯುತ್ತಿದ್ದರು. ಅವನು ಅದನ್ನು ಕಿವಿಯಿಂದ ದೂರ ಹಿಡಿದು ಗೇಟು ತೆಗೆದ.

ಸರ್ಕಾರಿ ಆಸ್ಪತ್ರೆ ಅಲ್ಲಿಂದ ಒಂದೂವರೆ ಕಿಲೋಮೀಟರು. ರಸ್ತೆಯ ತುಂಬ ಬಿಸಿಲು, ಲಾರಿ. ಮಂಚದ ಚಕ್ರ ನುಣುಪು ನೆಲಕ್ಕೆ ಮಾಡಿದ್ದು. ಗುಂಡಿ ಬಂದಾಗಲೆಲ್ಲ ಎತ್ತಬೇಕಾಯಿತು. ಎತ್ತುವ ಕೆಲಸ ಬೇಡ ಎಂದಿದ್ದ ಗಂಡ. ಅವಳು ಎತ್ತಿದಳು. ಕಾರಿನವರು ಗಾಜು ಇಳಿಸಿ ಫೋನಿನಲ್ಲಿ ಚಿತ್ರ ತೆಗೆದರು. ಒಬ್ಬರೂ ಬಾಗಿಲು ತೆಗೆಯಲಿಲ್ಲ. ಅರ್ಧ ದಾರಿಯಲ್ಲಿ ಮೀಟರ್ ಎಪ್ಪತ್ತೊಂಬತ್ತು ತೋರಿಸಿತು. ಅವಳು ಅದನ್ನು ಬೆರಳಿನಿಂದ ಕಿತ್ತು ಜೇಬಿಗೆ ಹಾಕಿಕೊಂಡಳು. ದಾರಿಯಲ್ಲಿ ಮತ್ತೆ ನೋಡಲಿಲ್ಲ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಎಪ್ಪತ್ತು ರೋಗಿಗಳಿಗೆ ಒಬ್ಬಳೇ ನರ್ಸು. ಅವಳು ಇವಳ ಯೂನಿಫಾರಂ ನೋಡಿದವಳೇ, "ಸಿಲಿಂಡರ್ ಮೂಲೇಲಿದೆ, ನೀವೇ ಹಾಕ್ಕೊಳ್ಳಿ ಸಿಸ್ಟರ್" ಎಂದು ಇನ್ನೊಂದು ಮಂಚಕ್ಕೆ ಓಡಿದಳು. ನರ್ಸಮ್ಮ ಸಿಲಿಂಡರ್ ಉರುಳಿಸಿ ತಂದಳು. ಕೀಲಿ ತಿರುಗಿಸಿದಾಗ ಸುಯ್ಯೆಂದಿತು. ಮಾಸ್ಕು ಕಟ್ಟಿದಳು. ರಕ್ತನಾಳ ಹುಡುಕಿ, ನಿಜವಾದ ಸೂಜಿಯನ್ನು ನಿಜವಾಗಿ ಚುಚ್ಚಿದಳು. ಹನ್ನೊಂದು ವರ್ಷ ಅವಳ ಕೈಗೆ ಸೂಜಿ ಕೊಟ್ಟಿರಲಿಲ್ಲ. ಒಂದೇ ಸಲಕ್ಕೆ ಸಿಕ್ಕಿತು. ಡಾಕ್ಟರು ಬಂದು ನೋಡಿ ಔಷಧಿ ಬರೆದ. ಅವಳು ಮೀಟರನ್ನು ಮತ್ತೆ ಬೆರಳಿಗೆ ಹಾಕಿದಳು. ಎಂಬತ್ತನಾಲ್ಕು. ಎಂಬತ್ತೆಂಟು. ತೊಂಬತ್ತೊಂದು.

ಅಳು ಬರಲಿಲ್ಲ. ಅವಳು ಸೊಂಟ ಹಿಡಿದುಕೊಂಡು ನೆಲದ ಮೇಲೆ ಕೂತಳು. ಹೊಸ ಯೂನಿಫಾರಂ ಬೆವರಿಗೆ ಬೆನ್ನಿಗಂಟಿತ್ತು.

ಸಂಜೆ ಮಾಸ್ಕು ಸರಿಸಿ ದೊಡ್ಡಮ್ಮ ಆಡಿದ ಮೊದಲ ಮಾತು: "ಕಂಬಳಿ ಕೊಡ್ತೀವಿ ಅಂದಿದ್ರು ಕಣೆ. ಕೊಡ್ಲೇ ಇಲ್ಲ."

ಹೊಸ ಆಸ್ಪತ್ರೆಗೆ ಅನುಮತಿ ಸಿಕ್ಕಿತು. ಎಂಟೇ ದಿನದಲ್ಲಿ ಮೇಲಿನ ಬೋರ್ಡಿಗೆ ದೀಪ ಹಾಕಿದರು. ಬರವಣಿಗೆಯಲ್ಲಿ ಕೊಡಿ ಎಂದವನಿಗೆ ಅವಳು ಮೂರು ಪುಟ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದಳು. ತಲುಪಿದ ಚೀಟಿ ಬಂತು, ಉತ್ತರ ಬರಲಿಲ್ಲ. ಅವಳ ಫೋಟೋ ಆಸ್ಪತ್ರೆಗಳ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ, ಇವಳನ್ನು ತೆಗೆದುಕೊಳ್ಳಬೇಡಿ ಎಂದು ಬರೆದಿದ್ದಾರೆ ಎಂದು ಹಳೆಯ ಸಹೋದ್ಯೋಗಿ ಒಬ್ಬಳು ಫೋನು ಮಾಡಿ ಹೇಳಿದಳು. ಓಣಿಯಲ್ಲೂ ಎಲ್ಲರೂ ಹೊಗಳಲಿಲ್ಲ. ಅವತ್ತು ಮಲಗಿದ್ದ ಎಂಬತ್ತು ಜನಕ್ಕೆ ಕೂಲಿ ಕೊಟ್ಟಿರಲಿಲ್ಲ. "ನಿಮ್ಮ ದೊಡ್ಡಮ್ಮ ಉಳಿದ್ಳು, ಸರಿ. ನಮ್ಮ ಒಲೆ?" ಎಂದು ನೀರಿನ ನಲ್ಲಿಯ ಹತ್ತಿರ ಒಬ್ಬಳು ಮುಖಕ್ಕೇ ಕೇಳಿದಳು. ವ್ಯಾನ್ ಮೇಸ್ತ್ರಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಅವಳು ತಣ್ಣಗೆ ಮನೆಯಲ್ಲಿ ಕೂತಳು. ಮಾತು ಕಡಿಮೆಯಾಯಿತು. ಸೊಂಟಕ್ಕೆ ಬಿಸಿನೀರಿನ ಬಾಟಲಿ ಕಟ್ಟಿಕೊಂಡು ಗೋಡೆ ನೋಡುತ್ತಿದ್ದಳು.

ಹದಿನೈದನೆಯ ದಿನ ಪೊಲೀಸ್ ಸ್ಟೇಷನ್ನಿನಿಂದ ಕರೆ ಬಂತು. ಮಂಚ ಕದ್ದ ದೂರು.

ಮಂಚ ಎಲ್ಲಿದೆ ಎನ್ನುವುದು ಊರಿಗೇ ಗೊತ್ತಿತ್ತು. ಅದು ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲೇ ಇತ್ತು. ಅವರಿಗೆ ಹೊಸ ಮಂಚ ಅಂತ ಬಂದದ್ದು ಆ ವರ್ಷ ಅದೊಂದೇ. ದೊಡ್ಡಮ್ಮ ಮನೆಗೆ ಹೋದ ದಿನವೇ ಇಬ್ಬರನ್ನು ಅದರ ಮೇಲೆ ಮಲಗಿಸಿದ್ದರು.

ಗಂಡ ಟ್ಯಾಂಕರ್ ನಿಲ್ಲಿಸಿ ಜೊತೆಗೆ ಬಂದ. ಕಸದ ಗಾಡಿಯವಳೂ ಬಂದಳು. ಇಬ್ಬರನ್ನೂ ಹೊರಗೆ ನಿಲ್ಲಿಸಿದರು. ಒಳಗೆ ಮ್ಯಾನೇಜರು ಕುರ್ಚಿಯಲ್ಲಿ ಕೂತಿದ್ದ. ಅವಳಿಗೆ ಕುರ್ಚಿ ತೋರಿಸಲಿಲ್ಲ. ಬೆಂಚು ಗೋಡೆಯ ಹತ್ತಿರವಿತ್ತು. ಅವಳೇ ಹೋಗಿ ಕೂತಳು.

ಸ್ಟೇಷನ್ ರೈಟರ್, ಅಲ್ಲಿನ ಬರಹದ ಕೆಲಸದವನು, ನಡುವಯಸ್ಸಿನ ಪೊಲೀಸು. "ತಪ್ಪಾಯ್ತು ಅಂತ ಬರೆದು ಸೈನ್ ಹಾಕಮ್ಮ. ಮಂಚ ವಾಪಸ್ ಕೊಡ್ಸು. ಮುಗೀತು" ಎಂದ.

"ದೂರಲ್ಲಿ ಏನಿದೆ, ಓದಿ ಸರ್."

ಅವನು ಓದಿದ. ನಮ್ಮ ಆಸ್ಪತ್ರೆಯ ಸ್ಟಾಫ್ ನರ್ಸ್ ಆದ ಇವರು ಕರ್ತವ್ಯದ ಸಮಯದಲ್ಲಿ ಒಂದು ಮಂಚವನ್ನು ಅನುಮತಿಯಿಲ್ಲದೆ ಸಾಗಿಸಿರುತ್ತಾರೆ.

"ನಾನು ಇವರ ನರ್ಸಾ?" ಎಂದು ಅವಳು ಮ್ಯಾನೇಜರನನ್ನು ಕೇಳಿದಳು.

"ಹೌದು," ಎಂದವನು, "ಅಂದ್ರೆ, ಟೆಂಪರರಿ" ಎಂದ.

"ಆರ್ಡರ್ ಕಾಪಿ ಕೊಡಿ. ಹಾಜರಿ ಪುಸ್ತಕ ತರ್ಸಿ."

ಮ್ಯಾನೇಜರು ರೈಟರ್ ಕಡೆ ನೋಡಿದ. ರೈಟರ್ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ.

"ನಾನು ನರ್ಸ್ ಆದ್ರೆ," ಅವಳು ಗಟ್ಟಿಯಾಗಿ ಮಾತನಾಡಲಿಲ್ಲ, ಶಕ್ತಿಯೂ ಇರಲಿಲ್ಲ, "ಉಸಿರು ಹೋಗ್ತಿದ್ದ ರೋಗೀನ ಆಕ್ಸಿಜನ್ ಇರೋ ಕಡೆ ಸಾಗಿಸಿದ್ದು ನನ್ನ ಡ್ಯೂಟಿ. ಅದು ಕಳ್ಳತನ ಅಲ್ಲ. ನಾನು ನರ್ಸ್ ಅಲ್ಲ ಅಂದ್ರೆ, ಅವತ್ತು ಬಿಳೀ ಬಟ್ಟೆ ಹಾಕ್ಸಿ ಹತ್ತು ಮಂಚದ ಪಕ್ಕ ನನ್ನ ಯಾಕೆ ನಿಲ್ಲಿಸಿದ್ರಿ? ಇದರಲ್ಲಿ ಯಾವುದು ಅಂತ ಇವರು ಹೇಳ್ಲಿ. ಅದನ್ನ ನೀವು ಬರ್ಕೊಳ್ಳಿ."

ರೈಟರ್ ಒಂದು ಸಲ ಮ್ಯಾನೇಜರನ ಮುಖವನ್ನೂ ಒಂದು ಸಲ ದೂರಿನ ಹಾಳೆಯನ್ನೂ ನೋಡಿದ. ಅವನ ಮೀಸೆಯ ಮೂಲೆ ಸ್ವಲ್ಪ ಅಲ್ಲಾಡಿತು. ಮ್ಯಾನೇಜರು ಎದ್ದು ಹೊರಗೆ ಹೋಗಿ ಫೋನಿನಲ್ಲಿ ಮಾತನಾಡಿ ಬಂದ. "ದೂರು ವಾಪಸ್ ತಗೋತೀವಿ" ಎಂದ. "ಹಳೇ ಮಂಚ, ಹೋದ್ರೆ ಹೋಗ್ಲಿ. ಪಾಪ, ಬಡವರು."

"ಆಯ್ತಲ್ಲಮ್ಮ," ಎಂದ ರೈಟರ್. "ಮನೆಗೆ ಹೋಗು."

ಅವಳಿಗೂ ಮನೆಗೆ ಹೋಗಬೇಕೆನ್ನಿಸಿತು. ಕಿಟಕಿಯಾಚೆ ಗಂಡ ಎದ್ದು ನಿಂತು ನೋಡುತ್ತಿದ್ದ. ಚಾಪೆ ಹಾಸಿ, ಸೊಂಟ ನೀಡಿ, ಎರಡು ದಿನ ಯಾರೊಂದಿಗೂ ಮಾತನಾಡದೆ ಮಲಗಿಬಿಡಬೇಕು. ಹನ್ನೊಂದು ವರ್ಷ ಯಾರೂ ಜಗಳವಾಡದೆ, ಯಾರೂ ಏನೂ ಅನ್ನದೆ, ಎಲ್ಲವೂ ಹೀಗೆಯೇ ಮುಗಿದಿತ್ತು.

"ಹೋಗಲ್ಲ," ಎಂದಳು.

"ಏನು?"

"ವಾಪಸ್ ತಗೊಳ್ಳೋಕೆ ನಾನು ಒಪ್ಪಲ್ಲ. ನಾನು ಕಳ್ಳಿ ಅಂತಾನೇ ಬರೀರಿ. ಕೋರ್ಟಿಗೆ ಕಳ್ಸಿ. ಅಲ್ಲಿ ಕೇಳ್ತಾರಲ್ಲ, ಯಾವ ಮಂಚ, ಯಾರು ಮಲಗಿದ್ರು, ಯಾಕೆ ತಳ್ಳಿದೆ ಅಂತ. ಅಲ್ಲಿ ಹೇಳ್ತೀನಿ. ಇಲ್ಲಾಂದ್ರೆ ನನ್ನ ದೂರು ತಗೊಳ್ಳಿ. ಎರಡರಲ್ಲಿ ಒಂದು ಆಗೋವರೆಗೂ ನಾನು ಈ ಬೆಂಚಿಂದ ಏಳಲ್ಲ."

"ಏಯಮ್ಮ, ತಲೆ ಕೆಟ್ಟಿದೆಯಾ ನಿಂಗೆ? ದೊಡ್ಡವರ ತಂಟೆ..."

"ಸುಸ್ತಾಗಿದೆ ಸರ್," ಎಂದಳು. "ತಲೆ ಕೆಟ್ಟಿಲ್ಲ."

ಮ್ಯಾನೇಜರು ಕಾರು ಹತ್ತಿ ಹೋದ. ರೈಟರ್ ಬೇರೆ ಕೆಲಸ ನೋಡಿದ. ಒಂದು ಗಂಟೆಯಾಯಿತು. ಕಸದ ಗಾಡಿಯವಳು ಬಾಗಿಲಲ್ಲಿ ಇಣುಕಿದಳು, ಬೈಸಿಕೊಂಡಳು, ಆದರೂ ಒಳಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಆಮೇಲೆ ಹದಿನಾರನೆಯ ಮಂಚದವಳು ಬಂದಳು. ನಲ್ಲಿಯ ಹತ್ತಿರ ಮುಖಕ್ಕೇ ಕೇಳಿದ್ದವಳೂ ಬಂದಳು. "ನಂದೂ ಬರ್ಕೊಳ್ಳಿ. ಮಲಗಿಸಿದ ಕೂಲಿ ಕೊಟ್ಟಿಲ್ಲ" ಎಂದು ಬಾಗಿಲಿನಿಂದಲೇ ಕೂಗಿದಳು. ಬೆಂಚು ತುಂಬಿತು. ಉಳಿದವರು ನೆಲದ ಮೇಲೆ ಕೂತರು.

ಮಧ್ಯಾಹ್ನದ ಊಟಕ್ಕೆ ಏಳಬೇಕಿದ್ದ ರೈಟರ್ ಅವರನ್ನು ದಾಟಿ ಹೋಗಲು ದಾರಿ ಹುಡುಕಿದ. ದಾರಿಯಿರಲಿಲ್ಲ. ಅವನು ವಾಪಸು ಕೂತ. ನಿಟ್ಟುಸಿರು ಬಿಟ್ಟು ಹೊಸ ಹಾಳೆ ತೆಗೆದ, ಕೆಳಗೆ ಕಾರ್ಬನ್ ಕಾಗದ ಇಟ್ಟ.

"ವಿಳಾಸ?"

ಹೇಳಿದಳು.

"ಏನ್ ಕೆಲ್ಸ?"

"ನರ್ಸು."

"ಯಾವ ಆಸ್ಪತ್ರೆ?"

"ಈಗ ಯಾವ್ದೂ ಇಲ್ಲ," ಎಂದಳು ಅವಳು. "ನೀವು ಮುಂದಕ್ಕೆ ಬರೀರಿ."